ಪಾರಿವಾಳದ ಬಂಡೆ, ಗುಬ್ಬಿಯ ಬೀದಿ

ಪುಷ್ಯಮಾಸದ ಬೆಳಿಗ್ಗೆ, ಏಳೂಕಾಲು ಗಂಟೆ. ವರ್ತೂರು ಕೆರೆಯ ಕಡೆಯಿಂದ ಎದ್ದ ಮಂಜು ಟವರುಗಳ ಸೊಂಟದವರೆಗೆ ಬಂದು ನಿಂತಿದೆ. ಮೇಲಿನ ಐದಾರು ಅಂತಸ್ತಿಗೆ ಮಾತ್ರ ಬಿಸಿಲು. ತಾರಸಿಯ ನೀರಿನ ಟ್ಯಾಂಕಿನ ಅಂಚಿನಲ್ಲಿ ಎರಡು ಹದ್ದು ರೆಕ್ಕೆ ಬಿಡಿಸಿಕೊಂಡು ಮೈ ಕಾಯಿಸಿಕೊಳ್ಳುತ್ತಿವೆ. ಎರಡನೇ ಗೇಟಿನ ಎದುರು, ರಸ್ತೆಯ ಆಚೆಗೆ, ಒಂದು ಹೊಂಗೆಮರ. ಬುಡದಲ್ಲಿ ಯಾವುದೋ ಹಳೆ ಮನೆ ಒಡೆದಾಗ ತಂದು ಹಾಕಿದ ಕಲ್ಲುಚಪ್ಪಡಿ. ನನ್ನ ಜಾಗ ಅದು.

ಮಗಳ ಮನೆ ಇದೇ ಅಪಾರ್ಟ್‌ಮೆಂಟಿನ ಒಂಬತ್ತನೇ ಅಂತಸ್ತಿನಲ್ಲಿ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳಿ ನಿವೃತ್ತನಾಗಿ ಇಲ್ಲಿಗೆ ಬಂದು ಎರಡು ವರ್ಷವಾಯಿತು. ಒಂದೇ ಕಡೆ ಒಂದು ಗಂಟೆ ಅಲುಗದೆ ಕೂತು ಕಣ್ಣಿಗೆ ಬಿದ್ದದ್ದನ್ನು ಬರೆದಿಟ್ಟುಕೊಳ್ಳುವುದು ಹಳೆಯ ಚಾಳಿ. ಊರಲ್ಲಿದ್ದಾಗ ಕೆರೆ ಏರಿಯ ಮೇಲೆ ಕೂರುತ್ತಿದ್ದೆ. ಇಲ್ಲಿ ಗೇಟಿನ ಎದುರು ಕೂತೆ. ಮೊದಲ ವಾರದಲ್ಲೇ ಮೂವರು ಬೈಕು ನಿಲ್ಲಿಸಿ ಸೈಟಿನ ರೇಟು ವಿಚಾರಿಸಿದರು. ಈ ಕಡೆ ಮರದ ಕೆಳಗೆ ನೋಟ್‌ಬುಕ್ ಹಿಡಿದು ಕೂತ ಮುದುಕ ಬ್ರೋಕರ್ ಆಗಿರದೆ ಇನ್ನೇನಾಗಿದ್ದಾನು?

ಫ್ಲ್ಯಾಟು ಕೊಳ್ಳುವಾಗ ಕೊಟ್ಟ ಬಣ್ಣದ ಪುಸ್ತಕ ಅಳಿಯನ ಕಪಾಟಿನಲ್ಲಿ ಇನ್ನೂ ಇದೆ. ವಾಸ, ಕೆಲಸ, ಆಟ ಎಲ್ಲ ಒಂದೇ ಕಡೆ, ನಗರದ ಅಂಚಿನಲ್ಲೊಂದು ಪುಟ್ಟ ನಗರ ಎಂಬ ಧಾಟಿಯ ಮಾತು ಅದರ ತುಂಬ. ಸುಳ್ಳೆಂದು ಹೇಳಲಾರೆ. ಈಜುಕೊಳ ಇದೆ, ಕ್ಲಬ್‌ಹೌಸ್ ಇದೆ, ಹುಲ್ಲುಹಾಸಿನ ಸುತ್ತ ನಡೆಯುವ ದಾರಿ ಇದೆ. ಆದರೆ ಶನಿವಾರ ಬಂತೆಂದರೆ ಮಗಳು, ‘ಸಿಟಿಗೆ ಹೋಗ್ಬರ್ತೀವಿ ಅಪ್ಪ’ ಎನ್ನುತ್ತಾಳೆ. ಬೆಂಗಳೂರಿನಲ್ಲೇ ಮನೆ ಮಾಡಿಕೊಂಡವರು ಸಿಟಿಗೆ ಹೋಗಿಬರುವುದು! ಅವಳು ಹುಡುಕಿಕೊಂಡು ಹೋಗುವ ಆ ಸಂಗತಿಗೆ ನಮ್ಮಲ್ಲಿ ಹಳೆಯ ಮಾತೊಂದಿದೆ: ಪೇಟೆ. ನಾಲ್ಕು ಮನೆ ಸೇರಿದರೆ ಊರಾದೀತು. ಪೇಟೆಯಾಗಲು ಗುರುತಿಲ್ಲದವರು ಎದುರುಬದುರಾಗಬೇಕು, ಏನೋ ಕೊಳ್ಳಲು ಹೊರಟವನು ಇನ್ನೇನನ್ನೋ ಕಂಡು ನಿಲ್ಲಬೇಕು, ಕೆಲಸವಿಲ್ಲದೆ ಬಂದವನಿಗೂ ಒರಗಿಕೊಳ್ಳಲು ಒಂದು ಕಂಬ ಇರಬೇಕು. ಅಕ್ಕಿಪೇಟೆ, ಅರಳೇಪೇಟೆ, ಚಿಕ್ಕಪೇಟೆಗಳ ಬೆಂಗಳೂರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ನಕ್ಷೆ ಹಾಕಿ, ಮುಗಿಲೆತ್ತರ ಕಟ್ಟಿ, ಸಾವಿರಾರು ಜನರನ್ನು ಹೊಲದ ನಡುವೆ ತಂದಿಟ್ಟರೆ ಪೇಟೆ ತಾನಾಗಿ ಮೊಳೆಯುತ್ತದೆಯೇ? ನೋಡಲು ಕೂತದ್ದು ಅದನ್ನೇ.

ಇಲ್ಲಿಗೆ ಮೊದಲು ಬಂದ ಒಕ್ಕಲು ಪಾರಿವಾಳ. ಮನೆಗಳಿಗೆ ಬೀಗದ ಕೈ ಕೊಡುವ ಮುಂಚೆಯೇ ಬಂದಿದ್ದವಂತೆ. ಪಾರಿವಾಳದ ಮೂಲ ಮನೆ ಕಡಿದಾದ ಬಂಡೆಯ ಸಂದು. ಎ.ಸಿ. ಯಂತ್ರ ಇಡಲು ಬಿಟ್ಟ ಚಾಚು ಅದರ ಕಣ್ಣಿಗೆ ಬಂಡೆಯ ಸಂದೇ. ನಾಲ್ಕು ಕಡ್ಡಿ ಅಡ್ಡಾದಿಡ್ಡಿ ಇಟ್ಟರೆ ಗೂಡಾಯಿತು, ಎರಡು ಮೊಟ್ಟೆಗೆ ಅಷ್ಟು ಸಾಕು. ಮನೆ ಮನೆಗೂ ಬಲೆ ಕಟ್ಟಿಸಿದ ಮೇಲೂ ಬಲೆಯ ಮೂಲೆ ಸಡಿಲವಾದ ಬಾಲ್ಕನಿ ಯಾವುದೆಂದು ಅವು ಒಂದೇ ದಿನದಲ್ಲಿ ಪತ್ತೆ ಹಚ್ಚುತ್ತವೆ. ಹದ್ದುಗಳಿಗೂ ಇದು ಬಂಡೆಯೇ. ಹತ್ತು ಗಂಟೆಯ ಹೊತ್ತಿಗೆ ಪೂರ್ವದ ಗೋಡೆ ಕಾದು, ಅದನ್ನು ನೇವರಿಸಿಕೊಂಡು ಬಿಸಿಗಾಳಿ ಮೇಲೇಳುತ್ತದೆ. ರೆಕ್ಕೆ ಬಡಿಯದೆ ಅದರ ಮೇಲೆ ಸುತ್ತು ಹಾಕುತ್ತ ಏರುತ್ತವೆ.

ಹೆಜ್ಜೇನೂ ಹಾಗೆಯೇ. ಸುತ್ತಲ ಹೊಂಗೆ, ನೀಲಗಿರಿ ಹೂ ಬಿಡುವ ಕಾಲಕ್ಕೆ ಏಳನೇ ಟವರಿನ ಹನ್ನೊಂದನೇ ಅಂತಸ್ತಿನ ಚಾಚಿಗೆ ಬಂದು ತೊಟ್ಟಿಲಗಲದ ಹುಟ್ಟು ಕಟ್ಟಿದವು. ಹೊಗೆ ಹಾಕಿಸಬೇಕೆಂದು ಒಂದು ಪಕ್ಷ, ಬೇಡವೆಂದು ಇನ್ನೊಂದು. ಅಸೋಸಿಯೇಷನ್ನಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎರಡು ವಾರ ಜಗಳ ನಡೆಯಿತು. ಜಗಳ ಮುಗಿಯುವ ಮೊದಲೇ ಹೂ ಮುಗಿದು ಹೆಜ್ಜೇನು ಎದ್ದು ಹೋಯಿತು. ಬರಿಯ ಹುಟ್ಟಿನ ಗುರುತು ಕಪ್ಪಗೆ ಉಳಿದಿದೆ. ಹೆಜ್ಜೇನು ಹಳೆಯ ಜಾಗಕ್ಕೆ ಮರಳುವುದುಂಟು. ಮುಂದಿನ ವರ್ಷಕ್ಕೂ ಜಗಳ ಸಿದ್ಧವಾಗಿದೆ ಎಂದಾಯಿತು.

ಗುಬ್ಬಿ ಮಾತ್ರ ಇಲ್ಲ. ಎರಡು ವರ್ಷದಲ್ಲಿ ಕಾಂಪೌಂಡಿನೊಳಗೆ ಒಂದೂ ಗುಬ್ಬಿ ಕಾಣಲಿಲ್ಲ. ಇದಕ್ಕೆ ಮೊಬೈಲ್ ಟವರನ್ನು ದೂರುವವರಿದ್ದಾರೆ. ನನ್ನ ಕಣ್ಣಿಗೆ ಬಿದ್ದ ಕಾರಣ ಅದಕ್ಕಿಂತ ಸಾದಾ. ಗುಬ್ಬಿಗೆ ಚೆಲ್ಲಿದ ಕಾಳು ಬೇಕು. ಮರಿಗೆ ಉಣಿಸಲು ಹುಳು ಬೇಕು. ಮೈ ಉಜ್ಜಿಕೊಳ್ಳಲು ಒಂದು ಬೊಗಸೆ ಧೂಳು ಬೇಕು. ಗೂಡಿಗೆ ಗೋಡೆಯಲ್ಲಿ ತೂತು ಬೇಕು, ಮತ್ತು ಇವೆಲ್ಲ ಒಂದೇ ಹಾರಾಟದ ಅಳತೆಯಲ್ಲಿ ಸಿಗಬೇಕು. ಒಳಗಿನ ನೆಲವನ್ನು ಆರಕ್ಕೇ ಗುಡಿಸಿ ತೊಳೆಯುತ್ತಾರೆ. ಹುಲ್ಲಿಗೆ ಔಷಧಿ ಹೊಡೆಯುತ್ತಾರೆ. ಗೋಡೆಗಳೋ ಅಲ್ಯೂಮಿನಿಯಂ ಅಚ್ಚಿನಲ್ಲಿ ಎರಕ ಹೊಯ್ದವು, ಗುಬ್ಬಿಯಿರಲಿ ಇರುವೆಗೂ ಸಂದಿಲ್ಲ. ಹೊರಗೆ, ಹೊಂಗೆಮರದಿಂದ ಇನ್ನೂರು ಹೆಜ್ಜೆ ಹೋದರೆ ಹಳೆಯ ಊರಿನ ಓಣಿ. ಅಲ್ಲಿ ರಾಗಿ ಬೀಸುವ ಗಿರಣಿಯ ಮುಂದೆ ಎಂಟು, ಹತ್ತು ಗುಬ್ಬಿ ಯಾವಾಗಲೂ ಕುಪ್ಪಳಿಸುತ್ತಿರುತ್ತವೆ.

ನೋಟ್‌ಬುಕ್ಕಿನಲ್ಲಿ ಎರಡು ಪಟ್ಟಿ ಮಾಡಿಕೊಂಡೆ: ಬಂಡೆ ಸಿಕ್ಕರೆ ಬರುವವು, ಬೀದಿ ಸಿಕ್ಕರೆ ಬರುವವು. ಮನುಷ್ಯರ ಕೆಲಸಗಳನ್ನೂ ಅದೇ ಪಟ್ಟಿಯಲ್ಲಿ ಬರೆಯತೊಡಗಿದೆ. ಮಲಗುವುದು, ಲ್ಯಾಪ್‌ಟಾಪಿನ ಮುಂದೆ ಕೂರುವುದು, ಈಜುವುದು, ಮಕ್ಕಳ ಹುಟ್ಟುಹಬ್ಬ ಇವೆಲ್ಲ ಬಂಡೆಯ ಕೆಲಸ, ಒಳಗೆ ಚೆನ್ನಾಗಿ ನಡೆಯುತ್ತವೆ. ಚಪ್ಪಲಿಯ ಉಂಗುಷ್ಠ ಹೊಲಿಸುವುದು, ಯಾರದೋ ಮಾತಿಗೆ ಕಿವಿಗೊಡುವುದು, ಚೌಕಾಸಿ ಮಾಡುವುದು, ಹಾದಿಯಲ್ಲಿ ಸಿಕ್ಕವನ ಜೊತೆ ಟೀ ಕುಡಿಯುವುದು ಬೀದಿಯ ಕೆಲಸ.

ಗೇಟಿನ ದಿನಚರಿ ಹೀಗೆ. ಆರೂವರೆಗೆ ಮನೆಕೆಲಸದ ಹೆಂಗಸರು ಬರುತ್ತಾರೆ, ಸಾಲು ರಸ್ತೆಯ ತನಕ. ಒಬ್ಬೊಬ್ಬರ ಹೆಸರೂ ಫೋನಿನ ಆ್ಯಪಿನಲ್ಲಿ ಹಸಿರಾಗಬೇಕು. ಗೇಟಿನ ಈ ಆ್ಯಪುಗಳಲ್ಲಿ ಎಲ್ಲರಿಗೂ ಗೊತ್ತಿರುವ ಮೈಗೇಟ್ ಹುಟ್ಟಿದ್ದೂ ಬೆಂಗಳೂರಿನಲ್ಲೇ, 2016ರಲ್ಲಿ. ಏಳಕ್ಕೆ ಶಾಲೆಯ ವ್ಯಾನು. ಎಂಟೂವರೆಯಿಂದ ಕ್ಯಾಬು, ಕಾರು. ಹತ್ತಕ್ಕೆ ಎಲ್ಲ ತಣ್ಣಗಾಗಿ ಕೆಂಬೂತದ ಕೂಗು ಕೇಳಿಸುತ್ತದೆ. ಹನ್ನೊಂದರಿಂದ ಡೆಲಿವರಿ ಹುಡುಗರು. ಸಂಜೆ ಐದೂವರೆಗೆ ಬೆಳಿಗ್ಗೆಯ ಹೆಂಗಸರು ಮರಳುತ್ತಾರೆ, ಚೀಲ ತೆರೆದು ತೋರಿಸಿ. ಇದನ್ನು ನೋಡುವಾಗಲೆಲ್ಲ ನನಗೆ ಕಸಿವಿಸಿ, ಅವರಿಗೆ ರೂಢಿಯಾಗಿದೆ.

ಕತ್ತಲಾದ ಮೇಲೆ ಒಳಗೂ ಹೊರಗೂ ಗಲಗಲ. ಒಳಗೆ ನಡಿಗೆಯವರು ಹುಲ್ಲುಹಾಸಿನ ಸುತ್ತ ಪ್ರದಕ್ಷಿಣೆ ಹಾಕುತ್ತಾರೆ, ಮಕ್ಕಳು ಸೈಕಲ್ ಓಡಿಸುತ್ತಾರೆ, ಯಾವ ಭಯವೂ ಇಲ್ಲದೆ. ಈ ಮಾತನ್ನು ಸುಮ್ಮನೆ ದಾಟಿ ಹೋಗಲಾಗದು. ಬೆಂಗಳೂರಿನ ಯಾವ ರಸ್ತೆಯಲ್ಲಿ ಆರು ವರ್ಷದ ಮಗುವನ್ನು ಒಂಟಿಯಾಗಿ ಬಿಡಲಾದೀತು? ಹೊರಗೆ, ಗೋಡೆಗೆ ಬೆನ್ನು ಕೊಟ್ಟು, ಪಾನಿಪುರಿ ಗಾಡಿ, ಎಗ್‌ರೈಸ್ ಗಾಡಿ, ಇಸ್ತ್ರಿ ಗಾಡಿ, ಹೂವಿನವಳು, ಕಾಂಡಿಮೆಂಟ್ಸ್ ಅಂಗಡಿ. ನಡುವಣ ಗೋಡೆ ಒಂಬತ್ತಡಿ. ಕೆರೆಗಳಲ್ಲಿ ಕಂಡದ್ದು ನೆನಪಾಯಿತು. ನಡುನೀರಿನಲ್ಲಿ ನಾಮಕೋಳಿ ನಾಲ್ಕು ತೇಲುತ್ತಿರುತ್ತವೆ, ಅಷ್ಟೆ. ಜೀವದ ಸಂತೆ ನೆರೆಯುವುದು ನೀರೂ ನೆಲವೂ ಕೂಡುವ ಜೊಂಡಿನ ಅಂಚಿನಲ್ಲಿ, ಏಡಿ, ಕಪ್ಪೆ, ಮಿಂಚುಳ್ಳಿ, ಬಕ ಎಲ್ಲ ಅಲ್ಲಿ. ಅದಕ್ಕೇ ಕೆರೆಯ ಸುತ್ತ ಕಲ್ಲುಕಟ್ಟಡ ಕಟ್ಟಿ ಚೆಂದ ಮಾಡಿದರೆ ಬಕ ಕಾಣೆಯಾಗುತ್ತದೆ.

ಸೊಪ್ಪು ಮಾರುವ ಅಮ್ಮ ಹೊಂಗೆಮರದ ಇನ್ನೊಂದು ಮಗ್ಗುಲಲ್ಲಿ ಕೂರುತ್ತಾರೆ. ದಂಟು, ಕೀರೆ, ಸಬ್ಬಸಿಗೆ, ಹೊನಗೊನ್ನೆ. ಟವರು ಎದ್ದ ನೆಲದಲ್ಲಿ ಇವರ ಹೊಲವಿತ್ತೇನೋ, ಹೊಲ ಹೋಗಿ ಹೊಟ್ಟೆಪಾಡಿಗೆ ಸೊಪ್ಪು ಮಾರುತ್ತಿದ್ದಾರೇನೋ ಎಂದು ನಾನೇ ಮನಸ್ಸಿನಲ್ಲಿ ಒಂದು ಕತೆ ಕಟ್ಟಿಕೊಂಡಿದ್ದೆ. ಒಂದು ದಿನ ಕೇಳಿಯೇಬಿಟ್ಟೆ. ‘ಹೊಲ ಎಲ್ಲೋಯ್ತದೆ ಸಾರ್, ಅಗೋ ಆ ಮೂರಂತಸ್ತಿನ ಬಿಲ್ಡಿಂಗು ನಮ್ದೇಯ. ಹನ್ನೆರಡು ಮನೆ ಬಾಡಿಗೆ. ಮನೇಲ್ ಕುಂತ್ರೆ ಟೈಮೇ ಹೋಗಕಿಲ್ಲ. ಇಲ್ಲಾದ್ರೆ ನಾಕ್ ಜನ ಮಾತಾಡಿಸ್ತಾರೆ,’ ಎಂದರು. ಬೆಳಿಗ್ಗೆ ಸಾಲಿನಲ್ಲಿ ನಿಂತ ಹೆಂಗಸರಲ್ಲಿ ಮೂವರು ಅವರ ಬಾಡಿಗೆದಾರರೇ. ನನ್ನ ಕತೆಯನ್ನು ಹೊಡೆದುಹಾಕಿ, ಪಕ್ಕದಲ್ಲಿ ಬರೆದುಕೊಂಡೆ: ಕಾಳಿಗೆ ಬಂದದ್ದಲ್ಲ, ಧೂಳುಸ್ನಾನಕ್ಕೆ ಬಂದದ್ದು.

ಈ ಕಡೆಯ ನೆಲದ ಮೇಲೆ ನಕ್ಷೆ ಹಾಕಿ ಊರು ಕಟ್ಟಿದ್ದು ಇದೇ ಮೊದಲಲ್ಲ. 1882ರಲ್ಲಿ ಮೈಸೂರಿನ ಮಹಾರಾಜ ಚಾಮರಾಜ ಒಡೆಯರು ಆಂಗ್ಲೋ-ಇಂಡಿಯನ್ನರ ಸಂಘಕ್ಕೆ 3,900 ಎಕರೆ ಕೊಟ್ಟರು. ಸಂಘದ ಮುಂದಾಳು ಡಿ.ಎಸ್. ವೈಟ್, ಊರಿಗೆ ಅವರದೇ ಹೆಸರು, ವೈಟ್‌ಫೀಲ್ಡ್. ತಮ್ಮವರು ಗುಮಾಸ್ತಗಿರಿಯನ್ನೇ ನೆಚ್ಚದೆ ನೆಲ ಉತ್ತು ಬದುಕಲಿ ಎಂಬ ಆಸೆ. ಊರ ನಡುವೆ ಕೈವಾರದಿಂದ ಎಳೆದಂಥ ವೃತ್ತ, ಸುತ್ತ ತೋಟದ ಮನೆಗಳು. ಇನ್ನರ್ ಸರ್ಕಲ್ ಎಂದು ಇವತ್ತಿಗೂ ಕರೆಯುತ್ತಾರೆ. ಒಂದು ಭಾನುವಾರ ಅಲ್ಲಿಗೆ ಹೋಗಿ ಎರಡು ಗಂಟೆ ಕೂತೆ. ಚರ್ಚಿನ ಹತ್ತಿರ ಮಳೆಮರದ ನೆರಳಲ್ಲಿ ಕುಟ್ರುಹಕ್ಕಿ ಕುಟ್ಟುತ್ತಿತ್ತು. ಸೂರಕ್ಕಿ, ಕಾಜಾಣ, ಕೆಮ್ಮೀಸೆ ಪಿಕಳಾರ ಎಲ್ಲ ಇದ್ದವು, ಬಹಳ ಸೊಗಸಾದ ಮೌನವೂ ಇತ್ತು. ಗುಬ್ಬಿ ಎಣಿಸಲು ನಾನು ಕೊನೆಗೆ ಹೋಗಬೇಕಾದದ್ದು ಕಾಡುಗೋಡಿಗೆ, ರೈಲು ನಿಲ್ದಾಣದ ಮುಂದಿನ ದಿನಸಿ ಅಂಗಡಿಗಳ ಸಾಲಿಗೆ. ನಕ್ಷೆಯ ವೃತ್ತ ತೋಟವಾಗಿ ಉಳಿಯಿತು. ಜನ ಇಳಿದು ಹತ್ತುವ ಕಡೆ ಪೇಟೆ ಕೂತಿತು.

ಮುಂದೆ 1994ರಲ್ಲಿ ಟಾಟಾ, ಸಿಂಗಪುರದ ಕಂಪನಿಗಳ ಕೂಟ ಮತ್ತು ಕರ್ನಾಟಕ ಸರ್ಕಾರ ಸೇರಿ ಐಟಿಪಿಬಿ ಎಂಬ ಟೆಕ್ ಪಾರ್ಕನ್ನು ರೂಪಿಸಿದವು. ವೈಟ್‌ಫೀಲ್ಡಿನ ಈಗಿನ ಬಾಳು ಶುರುವಾದದ್ದು ಅಲ್ಲಿಂದ. ಆಮೇಲೆ ಕಟ್ಟಿದ ಪ್ರೆಸ್ಟೀಜ್ ಶಾಂತಿನಿಕೇತನ ಸುಮಾರು 105 ಎಕರೆ, ಮೂರು ಸಾವಿರದಷ್ಟು ಮನೆ, ಪಕ್ಕದಲ್ಲೇ ಆಫೀಸು, ಮಾಲು. ನಡೆದುಕೊಂಡು ಕೆಲಸಕ್ಕೆ ಹೋಗುವವರನ್ನು ನಾನು ಅಲ್ಲಿ ಕಂಡಿದ್ದೇನೆ, ಈ ಹೊರವಲಯದಲ್ಲಿ ಅದು ಸಣ್ಣ ಮಾತಲ್ಲ. ಮಾಲಿನಲ್ಲಿ ಸಂಜೆ ಜನ ತುಂಬಿರುತ್ತಾರೆ, ಹೂಡಿ ಕಡೆಯಿಂದ ಬಂದವರೂ ಇರುತ್ತಾರೆ. ಆದರೆ ಮಾಲು ಎಂಬುದು ಗೊಂಚಲು ದೀಪ ಹಾಕಿದ ಬಂಡೆ. ಸೊಪ್ಪಿನ ಅಮ್ಮ ಅಲ್ಲಿ ಕೂರುವಂತಿಲ್ಲ.

ಸಿಂಗಪುರದವರು ಬಂದರಲ್ಲ, ತಮ್ಮೂರಿನ ಒಂದು ಉಪಾಯವನ್ನೂ ಜೊತೆಗೆ ತಂದಿದ್ದರೆ ಎಂದು ಆಗಾಗ ಅನ್ನಿಸುತ್ತದೆ. 1960ರಲ್ಲಿ ಶುರುವಾದ ಅಲ್ಲಿಯ ಗೃಹಮಂಡಳಿ ಕಟ್ಟಿದ ಎತ್ತರದ ಮನೆಗಳಲ್ಲಿ ನೆಲ ಅಂತಸ್ತನ್ನು ಬಹುಪಾಲು ಬರಿದಾಗಿ ಬಿಡುವ ಪದ್ಧತಿ ಬೆಳೆಯಿತು. ಗೋಡೆಯಿಲ್ಲ, ಕಂಬಗಳಷ್ಟೇ. ಮಲಯರ ಮದುವೆ ಅಲ್ಲಿ, ಚೀನೀಯರ ಸಾವಿನ ವಿಧಿ ಅಲ್ಲಿ, ಮುದುಕರ ಚದುರಂಗ ಅಲ್ಲಿ. ಯಾರು ಬೇಕಾದರೂ ಅಡ್ಡ ಹಾಯ್ದು ಹೋಗಬಹುದು. ನಮ್ಮ ಟವರುಗಳಡಿಯ ಆ ಜಾಗದಲ್ಲಿ ಕಾರುಗಳು ಮಲಗಿವೆ.

ನಕ್ಷೆಯೇ ತಪ್ಪೆಂದು ವಾದಿಸುವವರ ಪೈಕಿ ನಾನಲ್ಲ. 1898ರ ಪ್ಲೇಗಿನ ಹೊತ್ತಿಗೆ ಆಕಾರ ಪಡೆದ ಬಸವನಗುಡಿ, ಮಲ್ಲೇಶ್ವರ ನಕ್ಷೆಯವೇ. 1948ರಲ್ಲಿ ಅಡಿಗಲ್ಲು ಹಾಕಿದ ಜಯನಗರವೂ ನಕ್ಷೆಯದೇ. ಅಲ್ಲೆಲ್ಲ ಗೋಡೆ ಮನೆಗಿತ್ತು, ಬಡಾವಣೆಗಿರಲಿಲ್ಲ. ತರಕಾರಿ ಗಾಡಿ, ಪಾತ್ರೆಗೆ ಕಲಾಯಿ ಹಾಕುವವನು, ಕೋಲೆ ಬಸವ, ಮನೆ ಹುಡುಕಿ ದಾರಿ ತಪ್ಪಿದ ನೆಂಟ ಯಾರಾದರೂ ಯಾವ ಅಡ್ಡರಸ್ತೆಗೂ ನುಗ್ಗಬಹುದಿತ್ತು. ಈಗಿನ ಟವರುಗಳ ಎತ್ತರದ ಮೇಲೆ ಎಲ್ಲರೂ ಸಿಟ್ಟು ತೋರುತ್ತಾರೆ. ನನ್ನ ತಕರಾರು ಇಪ್ಪತ್ತು ಅಂತಸ್ತಿನ ಬಗ್ಗೆ ಅಲ್ಲ, ಒಂಬತ್ತು ಅಡಿಯ ಬಗ್ಗೆ.

ಎತ್ತರವೂ ಪೇಟೆಯೂ ಒಟ್ಟಿಗೆ ಇರಬಲ್ಲವು ಎಂಬುದನ್ನು ನೋಡಬೇಕಾದರೆ ಎಲೆಕ್ಟ್ರಾನಿಕ್ ಸಿಟಿಯ ಕಡೆ ಹೋಗಬೇಕು, ಅದೂ ಹುಸ್ಕೂರು ಮದ್ದೂರಮ್ಮನ ಜಾತ್ರೆಗೆ. ಎಲೆಕ್ಟ್ರಾನಿಕ್ ಸಿಟಿ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರ ಕನಸು. 1970ರ ದಶಕದ ಕೊನೆಗೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಶುರುವಾಯಿತು. ಕೆಲಸದ ನಕ್ಷೆ ಅದು, ವಾಸ ಆಮೇಲೆ ಬಂದು ಸೇರಿಕೊಂಡಿತು. 2010ರಿಂದ ಮೇಲ್ಸೇತುವೆ, 2025ರ ಆಗಸ್ಟ್‌ನಿಂದ ಹಳದಿ ಮೆಟ್ರೊ. ಭಾನುವಾರ ಮಧ್ಯಾಹ್ನ ಕಂಪನಿಗಳ ಬೀದಿಯಲ್ಲಿ ನಡೆದರೆ ಕಾಂಪೌಂಡುಗಳ ಹುಲ್ಲಿನಲ್ಲಿ ಟಿಟ್ಟಿಭ ಓಡಾಡುವುದು ಬಿಟ್ಟು ಇನ್ನೊಂದು ಅಲುಗಾಟ ಇಲ್ಲ. ಟಿಟ್ಟಿಭಕ್ಕೆ ಬೇಕಾದದ್ದೂ ಅದೇ, ಬಯಲು ಮತ್ತು ನಿರ್ಜನ.

ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಹುಸ್ಕೂರಿಗೆ ಜಾತ್ರೆಯಲ್ಲಿ ಸುತ್ತಲ ಹಳ್ಳಿಗಳು ಕುರ್ಜು ಕಟ್ಟಿ ಎಳೆದು ತರುತ್ತವೆ. ಮರದ ಅಟ್ಟಣೆಯ ಮೇಲೆ ಅಟ್ಟಣೆ ಏರಿಸಿ, ಬಣ್ಣದ ಬಟ್ಟೆ ಸುತ್ತಿ, ನೂರಡಿಗೂ ಎತ್ತರ. ದೊಡ್ಡನಾಗಮಂಗಲ, ರಾಯಸಂದ್ರದಂಥ, ಈಗ ಅಪಾರ್ಟ್‌ಮೆಂಟುಗಳು ಸುತ್ತುವರಿದ ಊರುಗಳಿಂದಲೂ ಬರುತ್ತವೆ. ಎತ್ತು, ಟ್ರ್ಯಾಕ್ಟರ್, ಜೆಸಿಬಿ, ಹಗ್ಗ, ನೂರಾರು ಕೈ. ನಾನು ಹೋಗಿದ್ದ ಸಲ ಒಂದು ಕುರ್ಜು ಅಪಾರ್ಟ್‌ಮೆಂಟೊಂದರ ಮುಂದೆ ಅರ್ಧ ಗಂಟೆ ನಿಂತಿತು, ಕರೆಂಟಿನ ತಂತಿ ಬಿಚ್ಚುವವರೆಗೆ. ಅದರ ಕಳಶ ಎಂಟನೇ ಅಂತಸ್ತಿನ ಬಾಲ್ಕನಿಗೆ ಸಮವಾಗಿತ್ತು. ಬಾಲ್ಕನಿಯಲ್ಲಿ ನಿಂತು ಫೋನು ಹಿಡಿದಿದ್ದವರು ಒಬ್ಬೊಬ್ಬರಾಗಿ ಕೆಳಗಿಳಿದು ಗೇಟಿಗೆ ಬಂದರು, ಗೇಟಿನಿಂದ ರಸ್ತೆಗೆ ಬಂದರು. ಯಾರೋ ಕೊಟ್ಟ ಮಜ್ಜಿಗೆ ಕುಡಿದರು. ಅಪಾಯ ಇಲ್ಲದ್ದಲ್ಲ ಇದು. 2024ರಲ್ಲಿ ಒಂದು ಕುರ್ಜು ಉರುಳಿತು, 2025ರ ಮಾರ್ಚ್‌ನಲ್ಲಿ ಗಾಳಿಮಳೆಗೆ ಮತ್ತೆ ಉರುಳಿ ಜೀವಹಾನಿಯೂ ಆಯಿತು. ತಂತಿ, ಮಣ್ಣು, ಗಾಳಿ ಯಾವುದೂ ಈಗ ಹಿಂದಿನಂತಿಲ್ಲ. ಆದರೂ ಈ ಭಾಗದಲ್ಲಿ ನೆರೆಯವರನ್ನೆಲ್ಲ ರಸ್ತೆಗಿಳಿಸಿದ ಎತ್ತರದ ಕಟ್ಟಡ ನಾನು ಕಂಡದ್ದು ಅದೊಂದೇ.

ಪೀಣ್ಯಕ್ಕೆ ಒಂದೇ ದಿನ ಹೋಗಿದ್ದು, ಹಾಗಾಗಿ ಕಡಿಮೆ ಮಾತಾಡಬೇಕು. 1970ರ ದಶಕದ ಕೈಗಾರಿಕಾ ಪ್ರದೇಶ. ರಸ್ತೆಯ ಸ್ಥಿತಿ ಹೇಳುವ ಹಾಗಿಲ್ಲ. ಕಬ್ಬಿಣದ ಪುಡಿಯ ವಾಸನೆ ಮೂಗಿನಲ್ಲಿ ರಾತ್ರಿಯವರೆಗೆ ಉಳಿಯಿತು. ಲೇತ್ ಅಂಗಡಿಗಳ ಷಟರು ನೇರ ರಸ್ತೆಗೇ ತೆರೆಯುತ್ತವೆ. ಒಂದು ಗಂಟೆಗೆ ಊಟಕ್ಕೆ ಬಿಟ್ಟಾಗ ಹಾಸನ, ತುಮಕೂರು, ಕಲಬುರಗಿ, ಬಿಹಾರ ಎಲ್ಲ ಒಂದೇ ಮೆಸ್ಸಿನ ಮುಂದೆ ತಟ್ಟೆ ಹಿಡಿದು ನಿಂತಿದ್ದವು. ಕಾಲಡಿಯಲ್ಲಿ ಹದಿನಾಲ್ಕು ಗುಬ್ಬಿ. ಅದೇ ಪೀಣ್ಯದಲ್ಲಿ ಬಸವೇಶ್ವರ ಬಸ್ ನಿಲ್ದಾಣವೂ ಇದೆ. 2014ರಲ್ಲಿ ಉದ್ಘಾಟನೆಯಾಯಿತು. ಉತ್ತರ ಕರ್ನಾಟಕದ ಕಡೆಯ ಬಸ್ಸುಗಳನ್ನು ಅಲ್ಲಿಂದ ಹೊರಡಿಸಿ ನೋಡಿದರು. ಪ್ರಯಾಣಿಕರು ಒಪ್ಪಲಿಲ್ಲ, ಬಸ್ಸುಗಳು ಮೆಜೆಸ್ಟಿಕ್ಕಿಗೆ ಮರಳಿದವು. ನಾನು ಹೋದ ದಿನ ಅಷ್ಟು ದೊಡ್ಡ ಚಾವಣಿಯಡಿ ಕಂಡದ್ದು ಪಾರಿವಾಳ.

ಇನ್ನು ಹಿಂಬದಿಯ ಗೋಡೆಯ ವಿಷಯ. ಈ ಬರಹಕ್ಕೆ ಕೂರಿಸಿದ್ದು ಅದು.

ನಮ್ಮ ಅಪಾರ್ಟ್‌ಮೆಂಟಿನ ಹಿಂಬದಿಗೆ ಬಾಗಿಲೇ ಇರಲಿಲ್ಲ. ಈ ತುದಿಯಿಂದ ಆ ತುದಿಗೆ ಬೋಳು ಗೋಡೆ, ಮೇಲೆ ಮುಳ್ಳುತಂತಿ, ಆಚೆ ಒಂದು ಸಣ್ಣ ರಸ್ತೆ. ಯಾರೂ ನಡೆಯದ ರಸ್ತೆ, ಆದ್ದರಿಂದ ಕಸ, ಕಸ ಇರುವುದರಿಂದ ಯಾರೂ ನಡೆಯರು. 2023ರ ಮಾರ್ಚ್‌ನಲ್ಲಿ ವೈಟ್‌ಫೀಲ್ಡಿಗೆ ಮೆಟ್ರೊ ಬಂತು, ಅಕ್ಟೋಬರಿನಲ್ಲಿ ಊರ ನಡುವಣ ಸಾಲಿಗೆ ಕೂಡಿಕೊಂಡಿತು. ಕೆಲವು ತಿಂಗಳ ಹಿಂದೆ ಫೀಡರ್ ಬಸ್ಸೊಂದು ಹಿಂದಿನ ರಸ್ತೆಯಲ್ಲಿ ನಿಲ್ಲತೊಡಗಿತು. ಅದನ್ನು ಹಿಡಿಯಲು ಮುಂದಿನ ಗೇಟಿಂದ ಬಳಸಿ ಬರಬೇಕು, ಇಪ್ಪತ್ತು ನಿಮಿಷ. ಜನ ಗೊಣಗಿದರು. ಅಸೋಸಿಯೇಷನ್ ಗೋಡೆ ಒಡೆಸಿ ಒಂದಾಳು ಹೋಗುವಷ್ಟು ಅಗಲದ ಕಬ್ಬಿಣದ ಗೇಟು ಇಡಿಸಿತು.

ಗುಡ್ಡ ಜರಿದು ಹೊಸ ಮಣ್ಣು ಬಯಲಾದಾಗ ಏನು ಮೊದಲು ಹುಟ್ಟುತ್ತದೆ, ಅದರ ಬೆನ್ನಿಗೆ ಏನು ಎಂದು ನೋಡುವ ಅವಕಾಶ ನಮ್ಮಂಥವರಿಗೆ ಯಾವಾಗಲೋ ಒಮ್ಮೆ ಸಿಗುತ್ತದೆ. ಹೊಂಗೆಮರವನ್ನು ಬಿಟ್ಟು ಹಿಂದಕ್ಕೆ ಜಾಗ ಬದಲಿಸಿದೆ.

ಆರಿದ್ರಾ ಮಳೆ. ಗೇಟು ತೆರೆದ ವಾರ. ಸೆಕ್ಯೂರಿಟಿಯವನ ಪ್ಲಾಸ್ಟಿಕ್ ಕುರ್ಚಿ, ಒಂದು ಕೊಡೆ. ಒಡೆದ ಗೋಡೆಯ ಮಣ್ಣಿನಲ್ಲಿ ಕಾಂಗ್ರೆಸ್ ಗಿಡ ಮೊಳೆತಿದೆ. ಬಸ್ಸಿಗೆ ಕಾಯುವವರು ಆರೇಳು ಮಂದಿ, ಯಾರೂ ಮಾತಾಡುವುದಿಲ್ಲ, ಎಲ್ಲರೂ ಫೋನು ನೋಡುತ್ತಾರೆ.

ಪುಷ್ಯ ಮಳೆ. ಎಳನೀರಿನ ಸೈಕಲ್ಲು. ಬೆಳಿಗ್ಗೆ ಏಳರಿಂದ ಹತ್ತು. ಕುಡಿದ ಬುರುಡೆಗಳ ಗುಡ್ಡೆ, ಗುಡ್ಡೆಗೆ ಇರುವೆ, ಇರುವೆಗೆ ಒಂದು ಜೊತೆ ಗೊರವಂಕ.

ಮಖೆ ಮಳೆ. ಹಬ್ಬದ ಹೊತ್ತಿಗೆ ಹೂವಿನವಳು ಬಂದಳು, ಹಬ್ಬ ಮುಗಿದರೂ ಹೋಗಲಿಲ್ಲ. ಬೀದಿನಾಯಿ ಒಂದು, ಹೆಸರು ರಾಜ. ಹೆಸರಿಟ್ಟವಳು ನಾಲ್ಕನೇ ಟವರಿನ ಒಬ್ಬ ಹುಡುಗಿ. ಕಸ ಅರ್ಧಕ್ಕರ್ಧ ಕಡಿಮೆ. ಯಾರೂ ಅಭಿಯಾನ ಮಾಡಲಿಲ್ಲ. ಹೂವಿನವಳು ತನ್ನ ಮುಂದಿನ ಹತ್ತಡಿ ಗುಡಿಸುತ್ತಾಳೆ, ಎಳನೀರಿನವನು ತನ್ನ ಹತ್ತಡಿ.

ಚಿತ್ತೆ ಮಳೆ. ಟೀ ಗಾಡಿ. ಎರಡು ಕಲ್ಲಿನ ಮೇಲೆ ಒಂದು ಹಲಗೆ ಇಟ್ಟು ಬೆಂಚು ಮಾಡಿದ್ದಾನೆ. ನ್ಯೂಯಾರ್ಕಿನ ವಿಲಿಯಂ ವೈಟ್ ನೆನಪಾದ. ನಮ್ಮ ವೈಟ್‌ಫೀಲ್ಡಿನ ವೈಟ್ ಅಲ್ಲ, ಇವನು ಬೇರೆ. 1970ರ ದಶಕದಲ್ಲಿ ಆ ಊರಿನ ದೊಡ್ಡ ಕಟ್ಟಡಗಳ ಮುಂದಿನ ಅಂಗಳಗಳಲ್ಲಿ ಕ್ಯಾಮೆರಾ ಇಟ್ಟು, ಹಕ್ಕಿ ಎಣಿಸುವ ಹಾಗೆ ಜನರನ್ನು ಎಣಿಸಿದ. ಜನ ಎಲ್ಲಿ ಕೂರುತ್ತಾರೆ? ಕೂರಲು ಜಾಗ ಇರುವಲ್ಲಿ ಕೂರುತ್ತಾರೆ! ವರ್ಷಗಟ್ಟಲೆ ನೋಡಿ 1980ರಲ್ಲಿ ಪುಸ್ತಕ ಬರೆದು ಹೇಳಿದ ಮಾತು ಅದು. ಇನ್ನೂ ಒಂದು ಕಂಡಿದ್ದ: ದಾರಿಯಲ್ಲಿ ಸಿಕ್ಕವರು ಮಾತಿಗೆ ನಿಲ್ಲುವುದು ಪಕ್ಕಕ್ಕೆ ಸರಿದಲ್ಲ, ಜನ ಹಾಯುವ ನಡುದಾರಿಯಲ್ಲೇ. ಗೇಟಿನ ಬಾಯಲ್ಲೇ ಈಗ ಇಬ್ಬರು ಹೆಂಗಸರು ನಿಂತಿದ್ದಾರೆ. ಒಬ್ಬರು ಹನ್ನೆರಡನೇ ಅಂತಸ್ತಿನವರು, ಇನ್ನೊಬ್ಬರು ಅವರ ಮನೆಯ ಕೆಳಗಿನ ಮನೆಯಲ್ಲಿ ಕೆಲಸ ಮಾಡುವವರು. ಒಂದೇ ಲಿಫ್ಟಿನಲ್ಲಿ ಎಷ್ಟೋ ಸಲ ಇಳಿದಿರಬೇಕು. ಮಾತು ಬಸ್ಸಿನ ಟೈಮಿನದು.

ಸೆಕ್ಯೂರಿಟಿಯವನು ಲಿಂಗಸುಗೂರು ಕಡೆಯ ಹುಡುಗ. ಮುಂದಿನ ಗೇಟಿಗಿಂತ ಇದು ಹೇಗೆ ಎಂದೆ. ‘ಅಲ್ಲಿ ಬರೇ ಗಾಡಿ ನಂಬರ್ ಬರೀಬೇಕ್ರಿ ಸರ. ಇಲ್ಲಿ ಮಂದಿ ಮಾರಿ ನೋಡ್ಲಿಕ್ಕೆ ಸಿಗ್ತಾವ್ರಿ,’ ಎಂದ.

ಸ್ವಾತಿಯ ಕೊನೆ. ಗೇಟಿನ ಪಕ್ಕದ ಗೋಡೆಯಲ್ಲಿ, ಒಡೆದು ಸರಿಯಾಗಿ ಮುಚ್ಚದೆ ಬಿಟ್ಟ ಇಟ್ಟಿಗೆ ಸಂದಿನಲ್ಲಿ ಅರಳಿಯ ಸಸಿ, ಎರಡೆಲೆ. ಹಕ್ಕಿಯ ಹಿಕ್ಕೆಯಿಂದ ಬಂದದ್ದು. ಮೇಂಟೆನೆನ್ಸಿನವರ ಕಣ್ಣಿಗೆ ಬಿದ್ದಿಲ್ಲ.

ದೂರೂ ಬಂದಿದೆ. ಹಿಂದಿನ ಗೇಟಿನ ಹತ್ತಿರ ಗುಂಪು ಸೇರುತ್ತಿದೆ, ಗುರುತಿಲ್ಲದವರು ನಿಂತಿರುತ್ತಾರೆ, ಗಾಡಿಗಳಿಂದ ನೋಟ ಕೆಟ್ಟಿದೆ, ಮುಚ್ಚಬೇಕು, ಇಲ್ಲವೇ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಮಾತ್ರ ತೆರೆಯಬೇಕು. ಬರೆದವರು ಕೆಟ್ಟವರಲ್ಲ. ಅವರ ಮಗಳು ರಾತ್ರಿ ಒಂಬತ್ತೂವರೆಗೆ ಆಫೀಸಿನಿಂದ ಬರುತ್ತಾಳೆ, ಅವರ ದಿಗಿಲು ನಿಜದ್ದು. ಗುರುತಿಲ್ಲದವರು ನಿಂತಿರುವುದು ಎಂಬುದನ್ನು ನಾನು ನೋಟ್‌ಬುಕ್ಕಿನಲ್ಲಿ ಯಾವ ಕಡೆ ಬರೆದುಕೊಂಡಿದ್ದೆನೋ ಅದರ ಎದುರು ಕಡೆ ಅವರು ಬರೆದಿದ್ದಾರೆ, ಅಷ್ಟೆ. ಅಳಿಯ ಇನ್ನೂ ಮನಸ್ಸು ಮಾಡಿಲ್ಲ. ಮಗಳು ಈಚೆಗೆ ಎರಡು ಶನಿವಾರ ಸಿಟಿಗೆ ಹೋಗಲಿಲ್ಲ. ಅದು ಗೇಟಿನಿಂದಲೋ ಮೊಮ್ಮಗನ ಪರೀಕ್ಷೆಯಿಂದಲೋ ಹೇಳಲಾರೆ.

ಮೀಟಿಂಗು ಭಾನುವಾರ ಹನ್ನೊಂದಕ್ಕೆ, ಕ್ಲಬ್‌ಹೌಸಿನಲ್ಲಿ.

ಶನಿವಾರ ಬೆಳಿಗ್ಗೆ ಏಳಕ್ಕೆ ಹಲಗೆಯ ಮೇಲೆ ಕೂತಿದ್ದೆ. ಚಳಿ ಶುರುವಾಗಿದೆ, ಟೀ ಗಾಡಿಯ ಹೊಗೆ ನೆಲ ಬಿಟ್ಟು ಏಳುತ್ತಿಲ್ಲ. ಎಳನೀರಿನವನ ಸೈಕಲ್ಲು ನಿಲ್ಲುವ ಕಡೆ ನೆಲ ಸವೆದು ಒಂದು ಸಣ್ಣ ಗುಳಿ ಬಿದ್ದಿದೆ, ಅದರ ತುಂಬ ನುಣ್ಣನೆಯ ಧೂಳು. ಏಳೂ ಹತ್ತಕ್ಕೆ ಅದರಲ್ಲಿ ಮೂರು ಗುಬ್ಬಿ, ಎರಡು ಹೆಣ್ಣು, ಒಂದು ಗಂಡು. ಹೊಟ್ಟೆಯಡಿಗೆ ಧೂಳು ತಳ್ಳಿಕೊಂಡು, ರೆಕ್ಕೆ ಅದುರಿಸಿ, ಬೆನ್ನ ಮೇಲೆ ಎರಚಿಕೊಂಡವು. ಏಳೂಕಾಲಿಗೆ ಬಸ್ಸು ಬಂತು, ಪುರ್ರೆಂದು ಎದ್ದು ಮುಳ್ಳುತಂತಿಯ ಮೇಲೆ ಕೂತವು. ಬಸ್ಸು ಹೋಯಿತು. ಏಳೂ ಇಪ್ಪತ್ತಕ್ಕೆ ಮತ್ತೆ ಇಳಿದವು.